ರೈಲು ಹಳಿಯ ಕೆಳಗೊಂದು ಇಜಕಾಯ

ಟೋಕಿಯೊಗೆ ಹೋದವರು ಶಿಂಜುಕು ಸ್ಟೇಷನ್ ಪಕ್ಕದ ಒಮೊಯಿದೆ ಯೊಕೊಚೊಗೆ ಹೋಗದೆ ಬರುವುದು ಕಡಿಮೆ. ಎದುರುಬದುರು ಬಂದರೆ ಹೆಗಲು ತಾಗುವಷ್ಟು ಸಣ್ಣ ಗಲ್ಲಿ. ಎರಡೂ ಕಡೆ ಏಳೆಂಟು ಜನ ಹಿಡಿಸುವ ಪುಟ್ಟ ಪುಟ್ಟ ಅಂಗಡಿ. ಎಲ್ಲಿ ನೋಡಿದರೂ ಹೊಗೆ. ಎರಡನೇ ಮಹಾಯುದ್ಧ ಮುಗಿದ ಹೊಸದರಲ್ಲಿ ಇದು ಕಾಳಸಂತೆ. ಆಗ ಅಕ್ಕಿ, ಗೋಧಿ ಹಿಟ್ಟಿಗೆಲ್ಲ ಸರ್ಕಾರದ ಕಟ್ಟುಪಾಡಿತ್ತು, ಪ್ರಾಣಿಗಳ ಕರುಳು, ಲಿವರ್‌ಗೆ ಇರಲಿಲ್ಲ. ಹಾಗಾಗಿ ಅದನ್ನೇ ಕಡ್ಡಿಗೆ ಚುಚ್ಚಿ, ಕೆಂಡದ ಮೇಲೆ ಸುಟ್ಟು ಮಾರಿದರು. ಆ ರುಚಿ ಇವತ್ತಿಗೂ ಅಲ್ಲಿ ಉಳಿದಿದೆ. 1999ರಲ್ಲಿ ಬೆಂಕಿ ಬಿದ್ದು ಒಂದಷ್ಟು ಅಂಗಡಿ ಸುಟ್ಟುಹೋದವು, ಮತ್ತೆ ಕಟ್ಟಿಕೊಂಡರು.

ನಾನೂ ಹೋದೆ, ಫೋಟೊ ತೆಗೆದೆ. ಆದರೆ ಒಳಗೆ ಕೂತವರೂ ಹೆಚ್ಚಿನವರು ಫೋಟೊ ತೆಗೆಯುತ್ತಿದ್ದರು. ಟೋಕಿಯೊದಲ್ಲೇ ಕೆಲಸದಲ್ಲಿರುವ ನನ್ನ ಹಳೇ ಕ್ಲಾಸ್‌ಮೇಟು, "ಇಲ್ಲಿ ಬೇಡ ಕಣೋ, ನಮ್ಮ ಏರಿಯಾಗೆ ಹೋಗೋಣ" ಎಂದ. ಅವನು, ಅವನ ಹೆಂಡತಿ, ನಾನು ಚುವೋ ಲೈನಿನ ರೈಲು ಹತ್ತಿ ಕೊಯೆಂಜಿಯಲ್ಲಿ ಇಳಿದೆವು.

ಕೊಯೆಂಜಿಯಲ್ಲಿ ರೈಲು ಮೇಲೆ ಓಡುತ್ತದೆ. ಹಳಿಯ ಕೆಳಗಿನ ಜಾಗವನ್ನು ಸುಮ್ನೆ ಬಿಟ್ಟಿಲ್ಲ, ಸಾಲಾಗಿ ಕುಡಿಯುವ ಅಂಗಡಿಗಳು. ಬಾಗಿಲಲ್ಲಿ ಕೆಂಪು ಕಾಗದದ ಲಾಟೀನು ತೂಗುತ್ತಿದ್ದರೆ ಅದು ಇಜಕಾಯ, ಅಂದರೆ ಕುಡಿಯುತ್ತಾ ತಿನ್ನುತ್ತಾ ಕೂರುವ ಅಂಗಡಿ. ಅರ್ಧ ಇಳಿಬಿಟ್ಟ ಬಟ್ಟೆಯ ಪರದೆ ಸರಿಸಿ ತಲೆ ಒಳಗೆ ಹಾಕಿದ್ದೇ ತಡ, ಅಡುಗೆ ಮಾಡುವವನಿಂದ ಪಾತ್ರೆ ತೊಳೆಯುವವನವರೆಗೆ ಎಲ್ಲರೂ "ಇರಾಷ್ಶಾಯ್‌ಮಾಸೆ!" ಎಂದು ಕೂಗುತ್ತಾರೆ. ಬನ್ನಿ ಬನ್ನಿ ಅಂತ. ಪಕ್ಕದ ಮೇಜಿನವರು ಮಾತ್ರ ತಿರುಗಿಯೂ ನೋಡುವುದಿಲ್ಲ.

ಮೇಜು ಖಾಲಿ ಇದ್ದರೂ ಕೌಂಟರ್‌ನಲ್ಲೇ ಕೂರಬೇಕು ಅನ್ನುವುದು ನನ್ನ ಅಭಿಪ್ರಾಯ. ಒಲೆ ಕಣ್ಣೆದುರಿಗೇ ಇರುತ್ತದೆ. ಕೂತ ಕೂಡಲೇ ಕೈ ಒರೆಸಿಕೊಳ್ಳಲು ಬಿಸಿ ಒದ್ದೆ ಟವೆಲ್ ಬಂತು. ಹಿಂದೆಯೇ ಒಂದು ಪುಟ್ಟ ಬಟ್ಟಲು. ಗೋಬೊ ಎಂಬ ಬೇರು ಮತ್ತು ಕ್ಯಾರೆಟ್ಟನ್ನು ಕಡ್ಡಿಯ ಹಾಗೆ ಹೆಚ್ಚಿ, ಸೋಯಾ ಸಾಸ್ ಹಾಕಿ ಬಾಡಿಸಿದ ಪಲ್ಯ.

"ನಾವು ಹೇಳೇ ಇಲ್ವಲ್ಲೋ?"

"ಇದು ಓತೋಶಿ. ಕೂತಿದ್ದಕ್ಕೆ ಬಾಡಿಗೆ ಅಂದ್ಕೋ."

ತಲೆಗೆ ಮುನ್ನೂರು, ನಾನೂರು ಯೆನ್ ಬಿಲ್ಲಿಗೆ ಸೇರುತ್ತದೆ. ನೂರು ಯೆನ್ ಅಂದರೆ ಅರವತ್ತು ರೂಪಾಯಿಯ ಆಸುಪಾಸು. ಗೊತ್ತಿಲ್ಲದ ಪ್ರವಾಸಿಗರು ಮೋಸ ಅಂದುಕೊಂಡು ಜಗಳಕ್ಕೆ ನಿಲ್ಲುವುದೂ ಉಂಟು. ಮೋಸವೇನಲ್ಲ, ಪದ್ಧತಿ. ಆದರೂ ಕೇಳದ ಪಲ್ಯಕ್ಕೆ ದುಡ್ಡು ಕೊಡುವುದು ನನಗೆ ಇನ್ನೂ ಸರಿ ಅನ್ನಿಸಿಲ್ಲ.

"ಮೊದ್ಲು ಬಿಯರ್ ಹೇಳೋ, ಮೆನು ಆಮೇಲೆ ನೋಡು" ಎಂದ ಗೆಳೆಯ. ಅಲ್ಲಿ ಎಲ್ಲರೂ ಹೀಗೇ ಶುರು ಮಾಡುವುದು. ಗ್ಲಾಸು ತಾಗಿಸಿ "ಕಂಪಾಯ್" ಅನ್ನುವವರೆಗೆ ಯಾರೂ ಬಾಯಿಗಿಡುವುದಿಲ್ಲ. ಬಾಟಲಿ ಬಿಯರ್ ಆದರೆ ನಮ್ಮ ಗ್ಲಾಸಿಗೆ ನಾವೇ ಸುರಿದುಕೊಳ್ಳುವುದು ಚೆನ್ನಾಗಿ ಕಾಣುವುದಿಲ್ಲ. ಪಕ್ಕದವರ ಗ್ಲಾಸು ಖಾಲಿಯಾಯಿತಾ ಅಂತ ನಾವು ನೋಡಬೇಕು, ನಮ್ಮದನ್ನು ಅವರು ನೋಡುತ್ತಾರೆ.

ಎದುರಿಗೆ ಯಾಕಿತೋರಿ, ಅಂದರೆ ಕಡ್ಡಿಗೆ ಚುಚ್ಚಿದ ಕೋಳಿ, ಸುಡುತ್ತಿದ್ದವನನ್ನು ನೋಡುತ್ತಾ ನನಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಉದ್ದನೆಯ ಕಿರಿದಾದ ಒಲೆ, ಮೇಲೆ ಜಾಲರಿ ಇಲ್ಲ. ಬಿದಿರು ಕಡ್ಡಿಗಳ ಎರಡು ತುದಿ ಮಾತ್ರ ಒಲೆಯ ಅಂಚಿನ ಮೇಲೆ, ಮಾಂಸ ಕೆಂಡದ ಮೇಲೆ. ಬಿಂಚೋತಾನ್ ಎಂಬ ಗಟ್ಟಿ ಇದ್ದಿಲು, ವಕಯಾಮ ಕಡೆಯದು ಹೆಸರುವಾಸಿ. ಅದರಿಂದ ಹೊಗೆ ಏಳುವುದೇ ಇಲ್ಲ ಅನ್ನಬೇಕು. ಕಾಣುವ ಹೊಗೆಯೆಲ್ಲ ಕೋಳಿಯ ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಎದ್ದದ್ದು. ಅವನು ಒಂದು ಕೈಯಲ್ಲಿ ಬೀಸಣಿಗೆ ಹಿಡಿದು, ಇನ್ನೊಂದು ಕೈಯಲ್ಲಿ ಕಡ್ಡಿಗಳನ್ನು ಒಂದೊಂದಾಗಿ ತಿರುಗಿಸುತ್ತಾ ಹೋಗುತ್ತಿದ್ದ. ಕೊನೆಯ ಕಡ್ಡಿ ತಿರುಗಿಸುವಷ್ಟರಲ್ಲಿ ಮೊದಲನೆಯದಕ್ಕೆ ಮತ್ತೆ ಸರದಿ. ಉಪ್ಪಿನದು ಬೇಕಾ, ಸಾಸಿನದು ಬೇಕಾ ಅಂತ ಮೊದಲೇ ಹೇಳಬೇಕು. ಸಾಸಿನದಾದರೆ ಅರ್ಧ ಬೆಂದ ಕಡ್ಡಿಯನ್ನು ಪಕ್ಕದ ಮಡಕೆಯಲ್ಲಿ ಅದ್ದಿ ಮತ್ತೆ ಕೆಂಡದ ಮೇಲಿಡುತ್ತಾನೆ. ಮಡಕೆಯ ಅಂಚಿನಲ್ಲಿ ಸಾಸು ಒಣಗಿ ಒಣಗಿ ಕಪ್ಪಗೆ ದಪ್ಪ ಪದರ ಕಟ್ಟಿತ್ತು.

ಕೋಳಿ ತುಂಡಿನ ನಡುನಡುವೆ ಈರುಳ್ಳಿ ದಂಟು ಚುಚ್ಚಿದ ನೆಗಿಮ ತಿಂದೆ. ಉಪ್ಪಿನದೇ ಸೈ. ಸಾಸಿನದು ನನ್ನ ನಾಲಿಗೆಗೆ ಸಿಹಿ ಜಾಸ್ತಿ. ಕೋಳಿಯ ಚರ್ಮವನ್ನೂ ಬಿಡುವುದಿಲ್ಲ ಇವರು, ನೆರಿಗೆ ನೆರಿಗೆಯಾಗಿ ಚುಚ್ಚಿ ಗರಿಗರಿ ಸುಡುತ್ತಾರೆ. ಅದನ್ನು ಎರಡನೇ ಸಲವೂ ಹೇಳಿದೆ.

ಗೆಳೆಯನ ಹೆಂಡತಿ ಸಸ್ಯಾಹಾರಿ. "ನೀವು ಆರಾಮಾಗಿ ತಿನ್ನಿ, ನನ್ನ ಪಾಡು ನಾನು ನೋಡ್ಕೋತೀನಿ" ಎಂದರು. ಇಲ್ಲಿ ಅದು ಅಷ್ಟು ಸುಲಭವಲ್ಲ. ತೋಫು ಹೇಳಿದರೆ ಅದರ ಮೇಲೆ ಕತ್ಸುಒಬುಶಿ, ಅಂದರೆ ಒಣಮೀನಿನ ತೆಳು ಹೆರೆತ, ಉದುರಿಸಿ ತರುತ್ತಾರೆ. ಬಿಸಿ ತೋಫುವಿನ ಮೇಲಾದರೆ ಅದು ಹಬೆಗೆ ಅಲುಗಾಡುತ್ತದೆ, ಜೀವ ಇದ್ದ ಹಾಗೆ. ಅದನ್ನು ಹಾಕಬೇಡಿ ಅನ್ನಬಹುದು. ಆದರೆ ತಳದಲ್ಲಿರುವ ಸಾರಿಗೂ ಸಾಮಾನ್ಯವಾಗಿ ಅದೇ ಮೀನು ಹಾಕಿ ಕುದಿಸಿರುತ್ತಾರೆ. ಅವರು ಎದಮಾಮೆ, ಉಪ್ಪು ಹಚ್ಚಿದ ಸೌತೆಕಾಯಿ, ಸುಟ್ಟ ಅಣಬೆ, ಹಸಿ ಮೆಣಸಿನಕಾಯಿಯ ಹಾಗೆ ಕಾಣುವ ಶಿಶಿತೋ ಹೇಳಿದರು. ಎದಮಾಮೆ ಅಂದರೆ ಸಿಪ್ಪೆ ಸಮೇತ ಬೇಯಿಸಿದ ಎಳೆ ಸೋಯಾ ಕಾಯಿ. ಅವರೆಕಾಯಿ ಸುಲಿದು ಅಭ್ಯಾಸ ಇದ್ದವರಿಗೆ ಇದೇನು ಕಷ್ಟ?

ಕೌಂಟರಿನ ಆ ತುದಿಯಲ್ಲಿ ಆಫೀಸು ಮುಗಿಸಿ ಬಂದಂತಿದ್ದ ಒಬ್ಬ ಹೆಂಗಸು. ಒಬ್ಬರೇ. ಒಂದು ತಟ್ಟೆ ಹಸಿ ಮೀನು, ಸೋಡಾ ಬೆರೆಸಿದ ವಿಸ್ಕಿಯ ಒಂದು ಹೈಬಾಲ್, ಕೈಯಲ್ಲಿ ಪುಸ್ತಕ. ಯಾರೂ ಅವರತ್ತ ಕಣ್ಣು ಹಾಯಿಸಲಿಲ್ಲ. ನಮ್ಮ ಕಡೆ ಎಷ್ಟೋ ಊರಿನ ಬಾರ್‌ನಲ್ಲಿ ಲೈಟು ಮಬ್ಬು, ತಿನ್ನಲು ಕಡಲೆಬೀಜ, ಫ್ಯಾಮಿಲಿ ಅಂದರೆ ಮಹಡಿ ಮೇಲೆ. ಕುಡಿಯುವುದೇ ಅಲ್ಲಿ ಕೆಲಸ, ಬೇಗ ಮುಗಿಸಿ ಎದ್ದು ಹೋಗಬೇಕು. ಇಜಕಾಯದಲ್ಲಿ ಗ್ಲಾಸಿಗಿಂತ ತಟ್ಟೆಗೇ ಮರ್ಯಾದೆ ಜಾಸ್ತಿ. ಎರಡು ತುತ್ತಿನ ತಿಂಡಿ ಒಂದಾದ ಮೇಲೊಂದು ಬರುತ್ತಲೇ ಇರುತ್ತದೆ, ಅದರ ನಡುವೆ ಒಂದೊಂದು ಗುಟುಕು. ಹಾಗಂತ ಕುಡಿಯುವುದು ಕಮ್ಮಿ ಅಂದುಕೊಳ್ಳಬೇಡಿ. ನಮ್ಮ ಹಿಂದಿನ ಮೇಜಿನಲ್ಲಿ ಸೂಟು ಹಾಕಿದವನೊಬ್ಬ ಟೈ ಸಡಿಲಿಸಿ ಕೂತಲ್ಲೇ ನಿದ್ದೆ ಹೋಗಿದ್ದ. ಸಿಗರೇಟು ಹೊಗೆಯೂ ಇತ್ತು. 2020ರ ಏಪ್ರಿಲ್‌ನಿಂದ ಒಳಗೆ ಸೇದಬಾರದು ಅಂತ ಕಾನೂನು ಬಂದಿದ್ದರೂ ಕೆಲವು ಹಳೆಯ ಚಿಕ್ಕ ಅಂಗಡಿಗಳಿಗೆ ವಿನಾಯಿತಿ ಇದೆ. ಮಾರನೇ ದಿನ ನನ್ನ ಸ್ವೆಟರ್ ತೊಳೆಯದೆ ಗತಿ ಇರಲಿಲ್ಲ.

ಬಿಯರ್ ಆದ ಮೇಲೆ ಗೆಳೆಯ ಹೊಪ್ಪಿ ಹೇಳಿದ. 1948ರಲ್ಲಿ ಟೋಕಿಯೊದಲ್ಲಿ ಶುರುವಾದದ್ದು. ಆಗ ಬಿಯರ್ ಬಡವರ ಕೈಗೆಟುಕುತ್ತಿರಲಿಲ್ಲ. ಬಿಯರ್ ರುಚಿಯ ಈ ನೀರನ್ನು ಶೋಚೂ ಎಂಬ ಅಗ್ಗದ ಭಟ್ಟಿ ಮದ್ಯಕ್ಕೆ ಬೆರೆಸಿ ಕುಡಿದರು. ಬಾಟಲಿ ಬೇರೆ, ಶೋಚೂ ಬೇರೆ ಬರುತ್ತದೆ. ಶೋಚೂ ಮುಗಿದರೆ "ನಕ" ಅಂದರೆ ಸಾಕು, ಇನ್ನೊಂದು ಪೆಗ್ ಹಾಕುತ್ತಾರೆ. ನನಗೆ ಹಿಡಿಸಲಿಲ್ಲ. ನಾನು ನಿಹೊನ್‌ಶು, ಅಂದರೆ ಅಕ್ಕಿಯ ಮದ್ಯ, ಹೇಳಿದೆ. ಚೌಕಾಕಾರದ ಮರದ ಡಬ್ಬಿಯೊಳಗೆ ಗ್ಲಾಸು ಇಟ್ಟು, ತುಂಬಿ ಹೊರಗೆ ಚೆಲ್ಲಿ ಡಬ್ಬಿಯೂ ಅರ್ಧ ತುಂಬುವವರೆಗೆ ಸುರಿದ. ಕೈಯಲ್ಲಿ ಎತ್ತಿದರೆ ಚೆಲ್ಲುತ್ತದೆ. ಬಗ್ಗಿ ಬಾಯಿ ಹಾಕಿಯೇ ಮೊದಲ ಗುಟುಕು ಹೀರಬೇಕು. ಚೆಲ್ಲಿದ್ದೂ ನಮ್ಮದೇ.

ಕೊನೆಗೆ ಸುಟ್ಟ ಅನ್ನದ ಉಂಡೆ ತಿಂದು, ಗೆಳೆಯ ಎರಡು ತೋರುಬೆರಳು ಅಡ್ಡಡ್ಡ ಇಟ್ಟು ತೋರಿಸಿದ. ಬಿಲ್ ಕೊಡಿ ಅಂತ. ಟಿಪ್ಸ್ ಕೊಡುವ ಪದ್ಧತಿಯೇ ಇಲ್ಲ, ಕೊನೆಯ ಯೆನ್‌ವರೆಗೂ ಚಿಲ್ಲರೆ ತಟ್ಟೆಗೆ ಹಾಕಿ ಕೊಟ್ಟರು. ಹೊರಗೆ ಬಂದರೆ ಆಫೀಸಿನವರ ಗುಂಪುಗಳು ಅಲ್ಲಲ್ಲಿ ನಿಂತು ಮುಂದೆ ಎಲ್ಲಿಗೆ ಅಂತ ಚರ್ಚೆ ಮಾಡುತ್ತಿದ್ದವು. ಒಂದೇ ಕಡೆ ಮುಗಿಸಿ ಮನೆಗೆ ಹೋಗುವವರು ಕಡಿಮೆ. ಗೆಳೆಯನೂ ನಿಂತುಕೊಂಡೇ ಕುಡಿಯುವ ಅಂಗಡಿಯೊಂದನ್ನು ಕಣ್ಣಲ್ಲೇ ತೋರಿಸಿದ. ಅವನ ಹೆಂಡತಿ ಗಡಿಯಾರ ನೋಡಿಕೊಂಡು, "ಕೊನೇ ರೈಲಿಗೆ ಇನ್ನೂ ಟೈಮಿದೆ, ಒಂದೇ ಒಂದು ಅಂದ್ರೆ ಒಂದೇ" ಎಂದರು. ಶೋಚೂಗೆ ಸೋಡಾ, ನಿಂಬೆರಸ ಬೆರೆಸಿದ ಅಲ್ಲಿಯ ಲೆಮನ್ ಸೋರ್ ಚೆನ್ನಾಗಿತ್ತು.