23ನೇ ದಿನದ ಕೆಂಪು ಹಿಕ್ಕೆ

ಹಾನಗಲ್ ಕಡೆ ಜುಲೈನಲ್ಲಿ ಮಳೆ ಹಿಡಿಯಿತೆಂದರೆ ವಾರಗಟ್ಟಲೆ ಬಿಡುವುದಿಲ್ಲ. ಹೋದ ವರ್ಷವೂ ಹಂಗೇ ಆಯಿತು. ನಮ್ಮದು 600 ಬ್ರಾಯ್ಲರ್ ಕೋಳಿಯ ಸಣ್ಣ ಶೆಡ್ಡು. ಮರಿ ತಂದ 23ನೇ ದಿನ ಬೆಳಿಗ್ಗೆ ಪರದೆ ಎತ್ತಿದರೆ ಡ್ರಿಂಕರ್ ಸುತ್ತಲಿನ ಹಿಕ್ಕೆಯಲ್ಲಿ ರಕ್ತ. ಏಳೆಂಟು ಕೋಳಿ ಪುಕ್ಕ ಕೆದರಿಕೊಂಡು, ಕಣ್ಣು ಮುಚ್ಚಿ ಮೂಲೆಯಲ್ಲಿ ನಿಂತಿದ್ದವು.

ಸತ್ತದ್ದೊಂದನ್ನು ಡಾಕ್ಟರ್ ಅಲ್ಲೇ ಕೊಯ್ದು ತೋರಿಸಿದರು. ಕೋಳಿಗೆ ಎರಡು ಕುರುಡುಕರುಳು ಇರುತ್ತವೆ ಅಲ್ವಾ, ಅವು ಗಿಡದಲ್ಲೇ ಹಣ್ಣಾದ ಬ್ಯಾಡಗಿ ಮೆಣಸಿನಕಾಯಿ ಜೋಡಿಯ ಹಾಗೆ ಊದಿ ಕೆಂಪಾಗಿದ್ದವು. ಸೀಳಿದರೆ ಒಳಗೆ ಹೆಪ್ಪುಗಟ್ಟಿದ ರಕ್ತ. 'ಕಾಕ್ಸಿಡಿಯೋಸಿಸ್. ಐಮೀರಿಯಾ ಟೆನೆಲ್ಲಾ ಮಾಡೋ ಕೆಲಸ ಇದು' ಅಂದರು. ಅದು ಕೋಳಿಯ ಕರುಳಲ್ಲಿ ಬೆಳೆಯೋ, ಕಣ್ಣಿಗೆ ಕಾಣದ ಪರೋಪಜೀವಿ.

ತಪ್ಪು ನನ್ನದೇ. ಅರಿಸಿನ, ಅಜವಾನ ಹಾಕ್ತೀನಲ್ಲ ಅನ್ನೋ ಧೈರ್ಯದಲ್ಲಿ ಫೀಡಿಗೆ ಕಾಕ್ಸಿ ಔಷಧಿ ಬೇಡ ಅಂತ ಹೇಳಿ ಮಾಡಿಸಿದ್ದೆ. ಡಾಕ್ಟರ್ ನೀರಿಗೆ ಆಂಪ್ರೋಲಿಯಂ ಬರೆದರು. ಜೊತೆಗೆ, ಶಕ್ತಿ ಬರಲಿ ಅಂತ ನಾನು ಹಾಕುತ್ತಿದ್ದ ಬಿ-ಕಾಂಪ್ಲೆಕ್ಸ್ ನಿಲ್ಲಿಸಿ ಅಂದರು. ಆ ಔಷಧಿ ಬಿ1 ವಿಟಮಿನ್ನಿನ ವೇಷ ಹಾಕಿಕೊಂಡೇ ಪರೋಪಜೀವಿಯನ್ನು ಉಪವಾಸ ಕೆಡವುತ್ತದಂತೆ. ನಾವು ನಿಜವಾದ ಬಿ1 ಸುರಿದರೆ ಔಷಧಿ ಸೋಲುತ್ತದೆ. 31 ಕೋಳಿ ಸತ್ತವು. ಉಳಿದವು ತೂಕದಲ್ಲಿ ಹಿಂದೆ ಬಿದ್ದವು.

ಈಗಲೂ ಅಜವಾನ ಬಿಟ್ಟಿಲ್ಲ. ಅದರಲ್ಲಿರೋ ಥೈಮಾಲ್, ಬೆಳ್ಳುಳ್ಳಿ, ಅರಿಸಿನ ಇವುಗಳಿಂದ ಹಿಕ್ಕೆಯಲ್ಲಿ ಬೀಳುವ ರೋಗದ ಕಣ ಕಡಿಮೆಯಾದದ್ದು ಪ್ರಯೋಗಗಳಲ್ಲಿ ಕಂಡಿದೆ. ಆದರೆ ರಕ್ತ ಬಿದ್ದ ಮೇಲೆ ಅಜವಾನ ತಿನ್ನಿಸುತ್ತಾ ಕೂರುವ ಮಾತಿಲ್ಲ. ಫೀಡಿನ ಔಷಧಿಯನ್ನೂ ಡಾಕ್ಟರನ್ನು ಕೇಳದೆ ತೆಗೆಸುವುದಿಲ್ಲ. 50 ಕೆಜಿ ಚೀಲಕ್ಕೆ ಅಜವಾನ ಪುಡಿ 250 ಗ್ರಾಂ, ಅರಿಸಿನ ಅಷ್ಟೇ. ಮೊದಮೊದಲು ಪುಡಿಯೆಲ್ಲ ಫೀಡರ್ ತಳಕ್ಕೆ ಇಳಿದು ಹಂಗೇ ಉಳಿಯುತ್ತಿತ್ತು. ಈಗ ಒಂದು ಬೊಗಸೆ ಫೀಡಿಗೆ ಸ್ವಲ್ಪ ಎಣ್ಣೆ ಸವರಿ, ಪುಡಿ ಅದಕ್ಕೆ ಹಿಡಿಸಿ, ಆಮೇಲೆ ಚೀಲಕ್ಕೆ ಕಲಸುತ್ತೇನೆ. 'ಮಸಾಲಿ ಒಳಗಿಂದನ ಹಚ್ಚಾಕತ್ತಿಯೇನ?' ಅಂತ ಪಕ್ಕದ ಹೊಲದವರು ನಗುತ್ತಾರೆ.

ನಿಜವಾದ ಕೆಲಸ ಇರೋದು ನೆಲದಲ್ಲಿ. ಹಿಕ್ಕೆಯಲ್ಲಿ ಬಿದ್ದ ಕಣಕ್ಕೆ ತೇವ, ಬಿಸುಪು, ಗಾಳಿ ಸಿಕ್ಕರೆ ಒಂದೆರಡು ದಿನದಲ್ಲಿ ಬಲಿಯುತ್ತದೆ. ಕೋಳಿ ಅದನ್ನು ಕುಕ್ಕಿ ತಿಂದರೆ ವಾರದೊಳಗೆ ಮತ್ತೆ ಲಕ್ಷಗಟ್ಟಲೆ ಹೊರಗೆ. ಸಾಮಾನ್ಯ ಫಿನಾಯಿಲಿಗೆಲ್ಲ ಅದು ಜಗ್ಗುವುದಿಲ್ಲ. ನನ್ನ ಡ್ರಿಂಕರ್ ಒಂದು ಸೋರುತ್ತಿತ್ತು. ಸುಮ್ನೆ ಆಮೇಲೆ ನೋಡೋಣ ಅಂತ ಬಿಟ್ಟಿದ್ದೆ.

ಈ ಬ್ಯಾಚಿಗೆ ಇವತ್ತು 19ನೇ ದಿನ. ಹೊರಗೆ ಮಳೆ. ಸಂಜೆ ಡ್ರಿಂಕರ್ ಕೆಳಗಿನ ಭತ್ತದ ಹೊಟ್ಟನ್ನು ಮುಷ್ಟಿಯಲ್ಲಿ ಹಿಂಡಿದೆ, ಉಂಡೆ ಕಟ್ಟಿತು. ಎರಡು ಬುಟ್ಟಿ ಎತ್ತಿ ಹೊರಗೆ ಹಾಕಿ, ಒಣ ಹೊಟ್ಟು ಸುರಿದು ಬಂದೆ.