ಶಿಬಿರಕ್ಕೆ ಹೊರಡುವ ಮೊದಲು ಕೈ ಪಳಗಲಿ

ಆರೋಗ್ಯ ವಿಜ್ಞಾನ ಕಾಲೇಜು ದೊಡ್ಡದಾಗುತ್ತಿದ್ದಂತೆ ಸಮುದಾಯ ಶಿಬಿರಗಳೂ ಹೆಚ್ಚುತ್ತವೆ. ಆಗಬೇಕಾದ್ದೇ. ಆದರೆ ಬಿಪಿ ನೋಡಲು ಕೈ ಕೂರದ ವಿದ್ಯಾರ್ಥಿಗಳನ್ನು ಮೇಜಿಗೊಬ್ಬರಂತೆ ಕೂರಿಸಿದರೆ, ಕೆಲವರಿಗೆ ಇಲ್ಲದ ಕಾಯಿಲೆ ಅಂಟಿಸಿ, ಇನ್ನು ಕೆಲವರ ಕಾಯಿಲೆ ಗಮನಿಸದೆ ಬಂದ ಹಾಗಾಗುತ್ತದೆ.

ಮೊದಲ ತಪ್ಪು ತೋಳಿಗೆ ಸುತ್ತುವ ಪಟ್ಟಿ, ಅಂದರೆ ಕಫ್‌ನಲ್ಲೇ ಆಗುತ್ತದೆ. ಅದರೊಳಗಿನ ಗಾಳಿಚೀಲದ ಉದ್ದ ತೋಳಿನ ಸುತ್ತಳತೆಯ ಶೇ. 80, ಅಗಲ ಶೇ. 40 ಇರಬೇಕು. ತೋಳಿನ ಸುತ್ತು 30 ಸೆಂ.ಮೀ. ಇದ್ದರೆ ಚೀಲ 24 ಸೆಂ.ಮೀ. ಉದ್ದ, 12 ಸೆಂ.ಮೀ. ಅಗಲ. ದಪ್ಪ ತೋಳಿಗೆ ಚಿಕ್ಕ ಕಫ್ ಸುತ್ತಿದರೆ ಅಂಕಿ ಸುಳ್ಳೇ ಏರುತ್ತದೆ. ಆದ್ದರಿಂದ ಪ್ರತಿ ಮೇಜಿಗೂ ಮೂರು ಅಳತೆಯ ಕಫ್, ಒಂದು ಟೇಪು ಬೇಕು. ಬಳಸಿದ ಕಫ್ ಯಾವುದೆಂದು ರಿಜಿಸ್ಟರಿನಲ್ಲೂ ಬರೆಯಬೇಕು.

ಎರಡನೆಯದು ಅವಸರ. ಸಾಲಿನಲ್ಲಿ ನಿಂತಿದ್ದವರು ಬಂದು ಕೂತ ತಕ್ಷಣ ಅಳೆಯಬಾರದು. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ಕಾಲಮೇಲೆ ಕಾಲಿಲ್ಲ, ಮಾತಿಲ್ಲ. ಹೀಗೆ 5 ನಿಮಿಷ ಕೂರಬೇಕು. ಇದಕ್ಕಾಗಿ ಮೇಜಿನ ಪಕ್ಕದಲ್ಲೇ ಎರಡು ಕುರ್ಚಿ ಹಾಕಿದರೆ ಒಬ್ಬರನ್ನು ನೋಡುವಷ್ಟರಲ್ಲಿ ಮುಂದಿನವರ ವಿಶ್ರಾಂತಿ ಮುಗಿದಿರುತ್ತದೆ. ಒಂದು ನಿಮಿಷದ ಅಂತರದಲ್ಲಿ ಎರಡು ಸಲ ಅಳೆಯಬೇಕಾದ್ದರಿಂದ ಒಂದು ಮೇಜಿಗೆ ಗಂಟೆಗೆ 12 ಜನ ಸಾಕು. 30 ಜನ ಆಗಿದ್ದಾರೆಂದರೆ ಎಲ್ಲೋ ನಿಮಿಷಗಳನ್ನು ಕದ್ದಿದ್ದಾರೆಂದೇ ಲೆಕ್ಕ.

ತೋಳು ಎದೆಯ ಮಟ್ಟದಲ್ಲಿರಲಿ. ಹತ್ತು ಸೆಂ.ಮೀ. ಕೆಳಗೆ ಜೋತುಬಿದ್ದರೂ ಅಂಕಿ 7–8 ಮಿ.ಮೀ. (ಬಿಪಿಯನ್ನು ಪಾದರಸದ ಮಿ.ಮೀ.ಗಳಲ್ಲಿ ಅಳೆಯುವುದು) ಏರುತ್ತದೆ. ಮೊದಲು ಮಣಿಕಟ್ಟಿನ ನಾಡಿ ಹಿಡಿದು ಗಾಳಿ ತುಂಬಿ, ನಾಡಿ ಮಾಯವಾದ ಅಂಕಿ ನೋಡಿಕೊಳ್ಳಬೇಕು. ಪೂರ್ತಿ ಗಾಳಿ ಬಿಟ್ಟು, ಎರಡನೇ ಸಲ ಅದಕ್ಕಿಂತ 30 ಮೇಲಕ್ಕೆ ತುಂಬಿ, ಸೆಕೆಂಡಿಗೆ 2 ಮಿ.ಮೀ.ನಂತೆ ಇಳಿಸುತ್ತಾ ಸ್ಟೆತಸ್ಕೋಪಿನಲ್ಲಿ ನಾಡಿಯ ಶಬ್ದ ಆಲಿಸಬೇಕು. ನಾಡಿ ನೋಡುವ ಹಂತವನ್ನೇ ಎಲ್ಲರೂ ಹಾರಿಸುವುದು. ಕೆಲವರಲ್ಲಿ ಶಬ್ದ ನಡುವೆ ಅಡಗಿ ಮತ್ತೆ ಕೇಳಿಸುತ್ತದೆ. ಆ ಮೌನದಿಂದ ಶುರು ಮಾಡಿದವರು 180 ಇರುವಲ್ಲಿ 150 ಬರೆದುಬಿಡುತ್ತಾರೆ.

ಕಲಿಸಲು ಎರಡು ಜೊತೆ ಕಿವಿಕೊಳವೆಗಳ ಟೀಚಿಂಗ್ ಸ್ಟೆತಸ್ಕೋಪ್‌ಗಿಂತ ಒಳ್ಳೆಯ ಸಾಧನವಿಲ್ಲ. ಶಿಕ್ಷಕರು, ವಿದ್ಯಾರ್ಥಿ ಒಟ್ಟಿಗೆ ಕೇಳಿ, ಒಬ್ಬರಿಗೊಬ್ಬರು ತೋರಿಸದೆ ಬರೆದು ಹೋಲಿಸಬೇಕು. ವ್ಯತ್ಯಾಸ 4 ಮಿ.ಮೀ. ಒಳಗೆ ಬರುವವರೆಗೂ ಶಿಬಿರಕ್ಕೆ ಕಳಿಸಬೇಡಿ. ರಿಜಿಸ್ಟರಿನ ಕೊನೆಯಂಕಿಗಳನ್ನೂ ನೋಡಿ. ಡಯಲ್‌ನಲ್ಲಿ ಎರಡೆರಡು ಮಿ.ಮೀ. ಗೆರೆಗಳಿರುವುದರಿಂದ ಕೊನೆಯಂಕಿ 0, 2, 4, 6, 8ರಲ್ಲಿ ಒಂದು, ಸೊನ್ನೆ ಐದರಲ್ಲೊಂದು ಪಾಲಷ್ಟೇ ಬರಬೇಕು. ಪುಟದ ತುಂಬ 120, 130, 140 ಇದ್ದರೆ ಅದು ಅಂದಾಜು, ಅಳತೆಯಲ್ಲ.

ಸಕ್ಕರೆ ಪರೀಕ್ಷೆಯಲ್ಲಿ ಬೆರಳು ಸೋಪಿನಿಂದ ತೊಳೆದು ಒಣಗಿರಬೇಕು. ಸಿಹಿಯಂಟಿದ ಬೆರಳು ಸುಳ್ಳು ಹೇಳುತ್ತದೆ. ಬೆರಳ ತುದಿಗಲ್ಲ, ಪಕ್ಕಕ್ಕೆ ಚುಚ್ಚಿ. ಒಬ್ಬರಿಗೊಂದೇ ಬಿಸಾಡುವ ಲ್ಯಾನ್ಸೆಟ್ (ಚುಚ್ಚುವ ಸಣ್ಣ ಸೂಜಿ). ಪೆನ್ನಿನಂಥ ಚುಚ್ಚುವ ಸಾಧನವನ್ನು ಸೂಜಿ ಬದಲಿಸಿದರೂ ಇನ್ನೊಬ್ಬರಿಗೆ ಬಳಸಲೇಬಾರದು, ಯಕೃತ್ತಿನ ಸೋಂಕಾದ ಹೆಪಟೈಟಿಸ್ ಬಿ ಹರಡಬಹುದು. ಬಳಸಿದ ಸೂಜಿ ಹಾಕುವ ಡಬ್ಬಿ ಮುಕ್ಕಾಲು ತುಂಬಿದರೆ ಮುಚ್ಚಿಬಿಡಿ.

ಇನ್ನು ಶಿಬಿರ ಮುಗಿದ ಮೇಲಿನ ಕೆಲಸ. ಹೆಚ್ಚಿನ ಕಡೆ ಇದೇ ಬಿದ್ದುಹೋಗುವುದು. ಒಂದು ದಿನದ 140/90 ರೋಗನಿರ್ಣಯವಲ್ಲ, ಇನ್ನೊಂದು ದಿನ ಮತ್ತೆ ನೋಡಬೇಕು. 180/120 ಮೀರಿ ಎದೆನೋವು, ಉಸಿರಾಟದ ತೊಂದರೆ, ಕೈಕಾಲು ಸೋಲುವುದು, ದೃಷ್ಟಿ ಮಂಜಾಗುವುದು ಇದ್ದರೆ ತಡಮಾಡದೆ ಆಂಬುಲೆನ್ಸ್ ಕರೆಸಬೇಕು. ಉಳಿದವರ ಕೈಗೆ ಎರಡೂ ಅಂಕಿ, ಹೋಗಬೇಕಾದ ಜಾಗ, ದಿನ ಬರೆದ ಚೀಟಿ ಕೊಡಿ. ಎರಡು ವಾರಕ್ಕೆ ವಿದ್ಯಾರ್ಥಿಯೇ ಫೋನ್ ಮಾಡಿ ವಿಚಾರಿಸಲಿ. ವರದಿಯಲ್ಲಿ ತಪಾಸಣೆಯಾದವರ ಸಂಖ್ಯೆಯ ಪಕ್ಕದಲ್ಲೇ ವೈದ್ಯರನ್ನು ಕಂಡವರ ಸಂಖ್ಯೆಯೂ ಬರಲಿ. ಫೋನ್ ಎತ್ತದವರ ಮನೆಗೆ ಆರೋಗ್ಯ ಕಾರ್ಯಕರ್ತೆಯ ಜೊತೆ ಇಬ್ಬರು ವಿದ್ಯಾರ್ಥಿಗಳು ಹೋಗಿ ಮತ್ತೆ ಬಿಪಿ ನೋಡಲಿ. ಯಾವ ಅಳತೆಯ ಕಫ್ ಒಯ್ಯಬೇಕೆಂಬುದು ರಿಜಿಸ್ಟರಿನಲ್ಲೇ ಇರುತ್ತದೆ.