241 ಅಂದಿದ್ದರು, ನಾನು 214 ರದ್ದು ಮಾಡಿದೆ

ಮೊನ್ನೆ ನಮ್ಮ ಮಂಡಿಗೆ ಹೊಸ ಹುಡುಗ ಸೇರಿದ. ಕಂಪ್ಯೂಟರ್ ಮುಂದೆ ಕೂರಿಸಿ ಲಾಟ್ ಎಂಟ್ರಿ, ಅಂದರೆ ರೈತರು ತಂದ ಮಾಲಿಗೆ ನಂಬರ್ ಹಾಕಿ ಏರಿಸೋದನ್ನು, ಹೇಳಿಕೊಡುತ್ತಿದ್ದೆ. "ಅಣ್ಣ, ಕ್ಯಾನ್ಸಲ್ ಮಾಡೋದು ಹೇಗೆ?" ಅಂತ ಕೇಳಿದ. ತಕ್ಷಣ ಉತ್ತರ ಬರಲಿಲ್ಲ. ಎರಡು ವರ್ಷದ ಹಿಂದಿನ ಒಂದು ಮಧ್ಯಾಹ್ನ ಕಣ್ಣ ಮುಂದೆ ಬಂತು.

ಮಲೆನಾಡಿನ ಅಡಿಕೆ ಮಂಡಿಯೊಂದರಲ್ಲಿ ನಾನು ಗುಮಾಸ್ತ. ಅವತ್ತು ನಮ್ಮದೇ 38 ಲಾಟ್ ಇತ್ತು. ಅಡಿಕೆಯ ಬಗೆಗಳಲ್ಲಿ ರಾಶಿನೇ ಜಾಸ್ತಿ, ಸ್ವಲ್ಪ ಬೆಟ್ಟೆ, ಸ್ವಲ್ಪ ಗೊರಬಲು. ಟೆಂಡರ್ ಓಪನ್ ಆಗಿ, ಯಾವ ಲಾಟ್ ಯಾರಿಗೆ ಎಷ್ಟಕ್ಕೆ ಅನ್ನೋ ವಿನ್ನರ್ ಲಿಸ್ಟ್ ಬಂತು. ನಮ್ಮ ರೈತರೊಬ್ಬರು, ಭಟ್ರು, ಅವರಿಗೆ ರೇಟು ಹಿಡಿಸಲಿಲ್ಲ. "ಇಷ್ಟಕ್ಕೆ ಬೇಡ ಮಾರಾಯ, ಇನ್ನೊಂದು ವಾರ ನೋಡುವ" ಅಂದರು. ಅವರ ಲಾಟ್ 241. ರದ್ದು ಮಾಡೋ ಟೈಮ್ ಮುಗಿಯೋಕೆ ಇಪ್ಪತ್ತು ನಿಮಿಷ ಇತ್ತು. ಕಿವಿಯಲ್ಲಿ ಫೋನು, ಬಾಗಿಲಲ್ಲಿ ಹಮಾಲರು. ನಾನು 214 ಒತ್ತಿಬಿಟ್ಟೆ. ಆ ಪೇಜಲ್ಲಿ ಲಾಟ್ ನಂಬರ್ ಮಾತ್ರ ಕಾಣುತ್ತದೆ, ರೈತರ ಹೆಸರು ಕಾಣುವುದಿಲ್ಲ. ಎಷ್ಟು ಸಲ ಹೇಳಿದ್ದೇವೋ ಲೆಕ್ಕ ಇಲ್ಲ.

214 ಇನ್ನೊಬ್ಬ ರೈತರು, ಗೌಡ್ರದು. 22 ಚೀಲ ರಾಶಿ, ಕ್ವಿಂಟಲ್‌ಗೆ 49,899. ಅವತ್ತು ನಮ್ಮ ಮಂಡಿಯಲ್ಲಿ ಅದೇ ಒಳ್ಳೆ ರೇಟು. ಲಿಸ್ಟಲ್ಲಿ 241 ಹಾಗೇ ಇದೆಯಲ್ಲ ಅಂತ ನೋಡಿದಾಗ ಒಂಬತ್ತು ನಿಮಿಷ ಉಳಿದಿತ್ತು. ಕೈ ನಡುಗುತ್ತಿತ್ತು. ನಂಬರ್ ಮೂರು ಸಲ ಓದಿ 241 ರದ್ದು ಮಾಡಿದೆ. ಭಟ್ರ ಮಾಲು ಉಳಿಯಿತು. ಆದರೆ 214 ವಾಪಸ್ ತರೋಕೆ ಬಟನ್ ಇರಲಿಲ್ಲ.

ಅಷ್ಟರಲ್ಲಿ ಆ ಲಾಟ್ ಹಿಡಿದಿದ್ದ ಖರೀದಿದಾರರ ಫೋನ್ ಬಂತು. "ಏನ್ರೀ, 214 ಕಾಣ್ತಾ ಇಲ್ವಲ್ಲ?"

"ರೈತರು ಒಪ್ಪಲಿಲ್ಲ ಸಾರ್" ಅಂದೆ.

ಯೋಚನೆ ಮಾಡಿ ಹೇಳಿದ ಸುಳ್ಳಲ್ಲ, ಬಾಯಿಗೆ ಬಂದಿದ್ದು. ಅವರು ಒಂದು ಕ್ಷಣ ಸುಮ್ಮನಿದ್ದರು. "ಆಯ್ತು ಬಿಡಿ, ಅವರ ಮಾಲು, ಅವರ ಇಷ್ಟ" ಅಂತ ಫೋನಿಟ್ಟರು. ಈಗಲೂ ಚುಚ್ಚುವುದು ಆ ಮಾತೇ. ಅವರು ನಂಬಿಬಿಟ್ಟರು.

ಗೌಡ್ರಿಗೆ, ಯಜಮಾನ್ರಿಗೆ ಸಿಸ್ಟಮ್ ತೊಂದರೆ ಅಂದೆ. ಮರುದಿನ ಅದೇ ಲಾಟ್ ಮತ್ತೆ ಟೆಂಡರ್‌ಗೆ ಇಟ್ಟೆವು. ಬೇರೆ ಖರೀದಿದಾರರಿಗೆ 49,999ಕ್ಕೆ ಹೋಯಿತು. "ಗೌಡ್ರಿಗೆ ನೂರು ರೂಪಾಯಿ ಜಾಸ್ತಿನೇ ಬಂತಲ್ಲ" ಅಂತ ಯಜಮಾನ್ರು ಖುಷಿಪಟ್ಟರು. ನನಗೂ ಉಸಿರು ಬಂದಂತಾಯಿತು. ಯಾರಿಗೂ ನಷ್ಟ ಆಗಲಿಲ್ಲ ಅಂದುಕೊಂಡೆ. ನಾನು ಪೂರ್ತಿ ತಪ್ಪಿದ್ದು ಅಲ್ಲಿ.

ಸಂಜೆ ತೂಕದ ಹತ್ತಿರ ಗೌಡ್ರು ಮತ್ತು ಮೊದಲಿನ ಖರೀದಿದಾರರು ಎದುರಾದರು. "ನಾನೆಲ್ಲಿ ಬೇಡ ಅಂದೆ?" ಅಂತ ಗೌಡ್ರು ಕೇಳಿದ್ದು ನನಗೆ ಒಳಗೇ ಕೇಳಿಸಿತು. ಖರೀದಿದಾರರು ಒಳಗೆ ಬಂದು ಕೂತರು. ಕೂಗಾಡಲಿಲ್ಲ.

"ನನ್ನ ರೇಟು ನಿನ್ನೆನೇ ಎಲ್ಲರಿಗೂ ಗೊತ್ತಾಯ್ತು. ಅದರ ಮೇಲೆ ನೂರು ಸೇರಿಸಿದವರು ಮಾಲು ತಗೊಂಡ್ರು. ನಾನು ಅಹಮದಾಬಾದ್ ಪಾರ್ಟಿಗೆ ಲೋಡ್ ಒಪ್ಕೊಂಡಿದ್ದೆ. ಬೇರೆ ಕಡೆ ಜಾಸ್ತಿ ಕೊಟ್ಟು ತಂದೆ" ಅಂದರು. ಆಮೇಲೆ ಮೆಲ್ಲಗೆ, "ಕೈ ತಪ್ಪೋದು ಎಲ್ಲರಿಗೂ ಆಗತ್ತೆ. ನಿನ್ನೆ ಫೋನಲ್ಲೇ ಹೇಳಿದ್ರೆ ನಾನು, ಗೌಡ್ರು ಇಬ್ರೂ ಮಾರುಕಟ್ಟೆ ಕಮಿಟಿ ಆಫೀಸಿಗೆ ಹೋಗಿ ಅರ್ಜಿ ಕೊಟ್ಟು ಕೇಳ್ತಿದ್ವಿ. ಆ ದಾರಿನೂ ಮುಚ್ಚಿಬಿಟ್ರಿ" ಅಂದರು.

ಚೀಟಿ ಬರೆದು ಪೆಟ್ಟಿಗೆಗೆ ಹಾಕುವ ಕಾಲದಲ್ಲೂ ಒಬ್ಬರ ರೇಟು ಇನ್ನೊಬ್ಬರಿಗೆ ಕಾಣುತ್ತಿರಲಿಲ್ಲ. 2014ರಲ್ಲಿ ಕಂಪ್ಯೂಟರ್‌ನಲ್ಲೇ ಟೆಂಡರ್ ನಡೆಸುವ ಏಕೀಕೃತ ಮಾರುಕಟ್ಟೆ ವೇದಿಕೆ ಬಂದ ಮೇಲೂ ಟೆಂಡರ್ ಮುಗಿಯುವ ತನಕ ಬಿಡ್ ಗುಟ್ಟಾಗೇ ಇರುತ್ತದೆ. ಲಿಸ್ಟ್ ಬಂದ ಮೇಲೆ ಲಾಟ್ ರದ್ದಾದರೆ ಆ ಗುಟ್ಟು ಬಯಲಾಗಿರುತ್ತದೆ, ಮಾಲು ಮಾತ್ರ ಕೈಗೆ ಬಂದಿರುವುದಿಲ್ಲ. ರೈತರು ಬೇಡ ಅಂದರೆ ಅದು ಅವರ ಹಕ್ಕು, ಖರೀದಿದಾರರು ಸಹಿಸಿಕೊಳ್ಳುತ್ತಾರೆ. ಗುಮಾಸ್ತನ ತಪ್ಪನ್ನು ಅವರು ಯಾಕೆ ಸಹಿಸಬೇಕು? ಅಷ್ಟು ವರ್ಷ ಆ ಬಟನ್ ಒತ್ತಿದ್ದ ನಾನು ಅವರ ಕಡೆಯಿಂದ ಒಂದು ಸಲವೂ ಯೋಚಿಸಿರಲಿಲ್ಲ.

ಮರುದಿನ ಬೆಳಿಗ್ಗೆ ಆ ಖರೀದಿದಾರರ ಗೋಡೌನಿಗೆ ಹೋಗಿ ಆಗಿದ್ದನ್ನೆಲ್ಲ ಹೇಳಿದೆ. ಗೌಡ್ರಿಗೂ ಹೇಳಿದೆ. ಯಜಮಾನ್ರಿಗೆ ಹೇಳಿದಾಗ ಬೈಗುಳ ಸಿಕ್ಕಿತು. ಸೀಸನ್‌ನಲ್ಲಿ ಇನ್ನೊಬ್ಬರು ಬೇಕು ಅಂತ ಅವತ್ತೇ ಕೇಳಿದ್ದೆ. ಆ ಹುಡುಗ ಬಂದಿದ್ದು ಈ ವರ್ಷ.

ಈಗ ನಮ್ಮಲ್ಲಿ ಬಾಯಿಮಾತಿಗೆ ಲಾಟ್ ರದ್ದು ಮಾಡುವುದಿಲ್ಲ. ರೈತರು ಚೀಟಿಯಲ್ಲಿ ಲಾಟ್ ನಂಬರ್, ಹೆಸರು ಬರೆದು ಸಹಿ ಹಾಕಬೇಕು. ನಾನು ನಂಬರನ್ನು ಗಟ್ಟಿಯಾಗಿ ಓದುತ್ತೇನೆ, ಅವರು ಹೂಂ ಅಂದ ಮೇಲೆ ಒತ್ತುತ್ತೇನೆ. ಖರೀದಿದಾರರು ಕೇಳುವ ಮೊದಲೇ ಫೋನ್ ಮಾಡುತ್ತೇನೆ.

ಅವತ್ತಿನ ಆ ಖರೀದಿದಾರರು ಮೂರು ವಾರ ನಮ್ಮ ಮಂಡಿಯ ಯಾವ ಲಾಟ್‌ಗೂ ಬಿಡ್ ಹಾಕಲಿಲ್ಲ. ದಿನಾ ಲಿಸ್ಟಲ್ಲಿ ಅವರ ಹೆಸರು ಹುಡುಕುತ್ತಿದ್ದೆ. ನಾಲ್ಕನೇ ವಾರ ಒಂದು ಲಾಟ್‌ಗೆ ಹೆಸರು ಬಂತು. ಆ ಲಾಟ್‌ನ ರೈತರು ರೇಟು ಸಾಲದು ಅಂದರು. ಫೋನ್ ಮಾಡಿ ಹೇಳಿದೆ. "ಚೀಟಿ ಇದೆಯಾ?" ಅಂತ ಕೇಳಿದರು. ಇದೆ ಅಂದೆ. ಸಂಜೆ ಬಂದು ನೋಡಿಕೊಂಡು ಹೋದರು.